ಯಾವ ಬಗೆಗೂ ಸೇರದ ಒಂದು ‘ಹೂಂ’

ನಮ್ಮ ನಿಯುತೋಲುವಿನಲ್ಲಿ ಯಾರ ಬಾಯಲ್ಲೂ ‘ಇಲ್ಲ’ ಎಂಬ ಮಾತು ಬರುವುದಿಲ್ಲ. ಹಾಗಂತ ಕೇಳಿದ್ದನ್ನೆಲ್ಲ ಮಾಡಿಕೊಡುತ್ತಾರೆ ಎಂದಲ್ಲ. ನಾಳೆ ನಿನ್ನ ದೋಣಿ ಕೊಡುತ್ತೀಯಾ ಎಂದರೆ ‘ಹೂಂ’ ಎನ್ನುತ್ತಾರೆ. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯೂ ಇರುವುದಿಲ್ಲ, ದೋಣಿಯವನೂ ಇರುವುದಿಲ್ಲ. ಇದರಿಂದ ಯಾರಿಗೂ ಬೇಸರವಿಲ್ಲ. ಕೇಳಿದವನ ಮುಖ ಸಣ್ಣದಾಗಲಿಲ್ಲ, ಕೇಳಿಸಿಕೊಂಡವನ ದೋಣಿಗೆ ಗೀರು ಬೀಳಲಿಲ್ಲ. ತೋಂಗಾ ದೇಶ ಹೀಗೆಯೇ ನೆಮ್ಮದಿಯಿಂದ ನಡೆದುಕೊಂಡು ಬಂದಿತ್ತು, ನನ್ನ ಚಿಕ್ಕಮ್ಮನ ಮಗ ಕೆಲೇಪಿ ಅದನ್ನು ಸಂಶೋಧನೆ ಮಾಡಲು ಹೊರಡುವ ತನಕ.

ಕೆಲೇಪಿ ಪ್ರೌಢಶಾಲೆಯಲ್ಲಿ ಭಾಷೆ ಕಲಿಸುವ ಮೇಷ್ಟ್ರು. ದಪ್ಪ ಗಾಜಿನ ಕನ್ನಡಕ, ಇಸ್ತ್ರಿ ಮಾಡಿದ ಅಂಗಿ, ಸೊಂಟಕ್ಕೆ ಯಾವಾಗಲೂ, ನಮ್ಮಲ್ಲಿ ಮರ್ಯಾದಸ್ಥರು ಸುತ್ತಿಕೊಳ್ಳುವ ಹಾಗೆ, ಚೊಕ್ಕವಾಗಿ ಸುತ್ತಿದ ಕೇದಗೆ ಚಾಪೆ. ವಯಸ್ಸು ನಲವತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಮದುವೆ ಯಾವಾಗ ಎಂದು ಯಾರಾದರೂ ಕೇಳಿದರೆ ‘ಆಗ್ತೀನಿ’ ಎನ್ನುತ್ತಿದ್ದ. ನಮ್ಮೂರಿನ ವ್ಯಾಕರಣದಲ್ಲಿ ಅದಕ್ಕೆ ಏನರ್ಥವೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಕೇಳುವವರು ಬರಬರುತ್ತಾ ಕಡಿಮೆಯಾಗಿದ್ದರು.

ಅವನಿಗಿಂತ ಚಿಕ್ಕವನಾದ ಮೇಷ್ಟ್ರೊಬ್ಬ ಎಂ.ಎ. ಮುಗಿಸಿಕೊಂಡು ಬಂದು ಶಿಕ್ಷಕರ ಕೋಣೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿಯನ್ನು ವಶಪಡಿಸಿಕೊಂಡದ್ದೇ ಎಲ್ಲಕ್ಕೂ ಮೂಲ. ಕೆಲೇಪಿ ಒಂದು ವಾರ ಬೆವರಿದ. ಆಮೇಲೆ ರಜೆ ಹಾಕಿ ತಾನೂ ವಿಶ್ವವಿದ್ಯಾಲಯ ಸೇರಿಕೊಂಡ. ಅವನು ಆರಿಸಿಕೊಂಡ ವಿಷಯ: ‘ನಿಯುತೋಲು ಗ್ರಾಮದಲ್ಲಿ ಒಪ್ಪಿಗೆಯ ಮೂಲಕ ನಿರಾಕರಣೆ: ಒಂದು ಸಾಮಾಜಿಕ ಅಧ್ಯಯನ’. ಮನೆಯ ಗೇಟಿಗೆ ‘ಕೆಲೇಪಿ, ಸಂಶೋಧಕ’ ಎಂದು ಹಲಗೆ ತೂಗುಹಾಕಿದ. ಆ ಮನೆಯಲ್ಲಿ ಅವನ ಜೊತೆಗಿದ್ದದ್ದು ಅವನ ಸೋದರತ್ತೆ ಲೋಸೆ. ಅಪ್ಪನ ಅಕ್ಕ ಎಂದ ಮೇಲೆ ಆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ಲೋಸೆ ಅತ್ತೆಯ ಮಾತಿಗೆ ಊರಲ್ಲೂ ಎದುರಿರಲಿಲ್ಲ.

“ನಮ್ಮ ಕೆಲೇಪಿ ದೊಡ್ಡ ಓದು ಓದ್ತಿದಾನೆ,” ಎಂದು ಅತ್ತೆ ಚಾಪೆ ಹೆಣೆಯುವ ಹೆಂಗಸರಿಗೆ ಹೇಳಿದಳು.

“ಏನು ಓದು?”

“ಜನ ಹೂಂ ಅಂತಾರಲ್ಲ, ಅದನ್ನ.”

“ಅದರಲ್ಲಿ ಓದೋದೇನಿದೆ?”

“ಇರುತ್ತೆ. ಇಲ್ದಿದ್ರೆ ಎರಡು ವರ್ಷ ಯಾಕೆ ಬೇಕು?”

ಈ ತರ್ಕಕ್ಕೆ ಹೆಂಗಸರೆಲ್ಲ ಹೂಂ ಎಂದರು.

ಸಂಶೋಧನೆಗೆ ಗಾಡಿ ನನ್ನದು. ಪೇಟೆಗೆ ಜನರನ್ನೂ ಗೆಣಸಿನ ಬುಟ್ಟಿಗಳನ್ನೂ ಸಾಗಿಸುವ ಹಳೆಯ ವ್ಯಾನು ನನ್ನ ಹತ್ತಿರ ಇತ್ತು. ಕೆಲೇಪಿ ಮೊದಲು ಪಾದ್ರಿಗಳನ್ನು ಸಂದರ್ಶನ ಕೇಳಿದ. ಅವರು ಸಂತೋಷದಿಂದ ‘ಹೂಂ, ಮಂಗಳವಾರ ಬಾ’ ಎಂದರು. ಮಂಗಳವಾರ ಹೋದರೆ ಪಾದ್ರಿಗಳ ಹೆಂಡತಿ ಬಾಗಿಲಲ್ಲಿ ನಿಂತು, ಅವರು ಪೇಟೆಗೆ ಹೋಗಿದ್ದಾರೆ ಎಂದಳು. ಪಾದ್ರಿಗಳ ಗಂಟಲು ದೊಡ್ಡದು. ಬಚ್ಚಲು ಮನೆಯಿಂದ ಅವರು ಹಾಡುತ್ತಿದ್ದ ಪ್ರಾರ್ಥನಾಗೀತೆ ನಮ್ಮ ಮೂವರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾವು ಮೂವರೂ ಅದನ್ನು ಕೇಳಿಸಿಕೊಳ್ಳದವರ ಹಾಗೆ ಹವೆಯ ಬಗ್ಗೆ ಎರಡು ಮಾತಾಡಿ ಬೀಳ್ಕೊಂಡೆವು. ಮುಂದಿನ ಮನೆಯಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಊರಿಗೆ ಊರೇ ಸಂಶೋಧನೆಗೆ ಒಪ್ಪಿಗೆ ಕೊಟ್ಟು ತಲೆ ಮರೆಸಿಕೊಂಡಿತ್ತು.

ಅವನ ಮಾರ್ಗದರ್ಶಕಿ ಡಾಕ್ಟರ್ ಅಕಾನಿಸಿ ಇದ್ದದ್ದು ಫಿಜಿಯ ಸುವಾದಲ್ಲಿ. ಪೇಟೆಯ ವಿಶ್ವವಿದ್ಯಾಲಯ ಕೇಂದ್ರಕ್ಕೆ ಹೋಗಿ ಪರದೆಯ ಮೇಲೆ ಆಕೆಯ ಜೊತೆ ಮಾತಾಡಬೇಕಿತ್ತು. ಕೆಲೇಪಿ ತನ್ನ ದುಃಖ ತೋಡಿಕೊಂಡ.

“ತಪ್ಪಿಸಿಕೊಂಡ್ರು ಅಂತ ಅಳಬೇಡಿ ಕೆಲೇಪಿ. ಅವರು ತಪ್ಪಿಸಿಕೊಳ್ಳೋದೇ ನಿಮ್ಮ ಸಾಮಗ್ರಿ.”

“ಆದರೆ ಸಾಮಗ್ರಿ ಕೈಗೆ ಸಿಗ್ತಾನೇ ಇಲ್ಲ ಮೇಡಂ.”

“ಹಾಗಾದ್ರೆ ಸನ್ನಿವೇಶ ಕಟ್ಟಿ. ಇಷ್ಟವಿಲ್ಲದ ಕೋರಿಕೆ ಇಟ್ಟುಕೊಂಡು ಯಾರೋ ಬರ್ತಾರೆ ಅಂತ ಮೊದಲು ವಿವರಿಸಿ. ಆಮೇಲೆ ಆ ಪಾತ್ರ ನೀವೇ ಮಾಡಿ, ಎದುರಿಗಿರೋರು ಉತ್ತರ ಕೊಡಲಿ. ರೆಕಾರ್ಡ್ ಮಾಡಿಕೊಳ್ಳಿ. ಒಂದು ವಿಷಯ ಮಾತ್ರ ನೆನಪಿರಲಿ. ಯಾರು ಏನಂದ್ರು ಅನ್ನೋದು ನಿಮ್ಮ ಬಾಯಿಂದ ಹೊರಗೆ ಬೀಳಕೂಡದು. ವಿಶ್ವವಿದ್ಯಾಲಯದ ನೀತಿ ಸಮಿತಿಯವರು ನಮ್ಮಿಬ್ಬರನ್ನೂ ಬಿಡಲ್ಲ.”

ಕೆಲೇಪಿ ಅಲ್ಲೇ ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ಹೀಗೆ ಅವನು ತೆಲೇಸಿಯಾಳ ಮನೆಗೆ ಹೋದ. ತೆಲೇಸಿಯಾ ರೇಡಿಯೋದಲ್ಲಿ ಹವಾಮಾನ ಓದುವವಳು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಊರ ಕೊನೆಯಲ್ಲಿ, ಪೊಲೀಸ್ ಕೆಲಸದಲ್ಲಿದ್ದ ಅಣ್ಣ ಲಿಸಿಯಾತೆಯ ಮನೆಯ ಪಕ್ಕದಲ್ಲಿ ಒಬ್ಬಳೇ ಇದ್ದಳು. ನಮ್ಮ ದ್ವೀಪದಲ್ಲಿ ಅವಳ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರಿಲ್ಲ. ಸಂಶೋಧನೆಯ ಇತಿಹಾಸದಲ್ಲೇ ಬಾ ಎಂದ ದಿನ ಬಾ ಎಂದ ಹೊತ್ತಿಗೆ ಮನೆಯಲ್ಲಿದ್ದ ಮೊದಲ ವ್ಯಕ್ತಿ ಅವಳು. ನಾನು ಹೊರಗೆ ಜೀಗುಜ್ಜೆ ಮರದ ನೆರಳಲ್ಲಿ ಕೂತು ಅವಳು ಕೊಟ್ಟ ಅನಾನಸ್ ಕಡುಬು ತಿಂದೆ. ಒಳಗೆ ನಡೆದದ್ದು ಆಗ ನನಗೆ ಗೊತ್ತಾಗಲಿಲ್ಲ. ಕೆಲೇಪಿ ಹೊರಗೆ ಬಂದಾಗ ಹಣೆಯ ಮೇಲೆ ಬೆವರಿತ್ತು, ಹುಬ್ಬು ಗಂಟಿಕ್ಕಿತ್ತು.

“ಏನಾಯ್ತೋ?”

“ಒಂದು ಹೂಂ ಸಿಕ್ಕಿದೆ ಕಣೋ. ಯಾವ ಬಗೆಗೂ ಸೇರ್ತಿಲ್ಲ.”

ಅವನು ಅಷ್ಟರಲ್ಲಿ ಊರಿನ ಹೂಂಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದ. ಮುಖ ಪಕ್ಕಕ್ಕೆ ತಿರುಗಿಸಿ ಎಳೆದು ಹೇಳುವ ಉದ್ದದ ಹೂಂಗೆ ‘ದೇವರಾಣೆ ಬರಲ್ಲ’ ಎಂದರ್ಥ. ಗಿಡ್ಡ ಹೂಂ ಎಂದರೆ ‘ನಿನ್ನ ಮಾತು ಮುಗೀತಾ’. ಎರಡೆರಡು ಸಲ ‘ಹೂಂ ಹೂಂ’ ಎಂದರೆ ಆ ಮನುಷ್ಯ ಹಿತ್ತಲ ಬಾಗಿಲು ಎಲ್ಲಿದೆ ಎಂದು ಆಗಲೇ ನೋಡಿಯಾಗಿದೆ. ತೆಲೇಸಿಯಾಳ ಹೂಂ ಇವು ಯಾವುದೂ ಆಗಿರಲಿಲ್ಲ.

ಮಾರನೆಯ ದಿನ ಕೆಲೇಪಿ ಕಿಟಕಿ ತೆರೆದಿಟ್ಟುಕೊಂಡು ಆ ಹೂಂ ಹಿಂದೆ ಬಿದ್ದ. ರೆಕಾರ್ಡ್ ಮಾಡಿದ ಯಂತ್ರವನ್ನು ಹಿಂದಕ್ಕೆ ಓಡಿಸುವುದು, ಕೇಳುವುದು, ಮತ್ತೆ ಹಿಂದಕ್ಕೆ ಓಡಿಸುವುದು. ಕಿಟಕಿಯ ಆಚೆಯ ಚಪ್ಪರದಲ್ಲಿ ಲೋಸೆ ಅತ್ತೆಯೂ ಹೆಂಗಸರೂ ಚಾಪೆ ಹೆಣೆಯುತ್ತಿದ್ದರು. ಅವರಿಗೆ ಕೇಳಿಸಿದ್ದು ಇಷ್ಟು.

ಕೆಲೇಪಿಯ ದನಿ: “ನನ್ನನ್ನ ಮದುವೆ ಆಗ್ತೀರಾ?”

ಹೆಣ್ಣಿನ ದನಿ: “ಹೂಂ.”

ಸ್ವಲ್ಪ ಬಿಟ್ಟು ಮತ್ತೆ, “ನನ್ನನ್ನ ಮದುವೆ ಆಗ್ತೀರಾ?” “ಹೂಂ.”

ಚಪ್ಪರದಲ್ಲಿ ಕೈಗಳು ನಿಂತವು.

“ಇದು ಹವಾಮಾನದೋಳ ದನಿ ಅಲ್ವೇನೆ?” ಎಂದಳು ಒಬ್ಬಳು.

“ಅವಳೇ ಕಣೆ. ನಿನ್ನೆ ಅಲೆ ಜೋರಾಗಿದೆ, ದೋಣಿ ಇಳಿಸಬೇಡಿ ಅಂದಳಲ್ಲ, ಅದೇ ಗಂಟಲು.”

“ಎಷ್ಟು ಸಲ ಕೇಳ್ತಾನೆ ಪಾಪ. ನಂಬಿಕೆ ಬರ್ತಿಲ್ಲ ಅವನಿಗೆ.”

ಲೋಸೆ ಅತ್ತೆ ಕೈಯಲ್ಲಿದ್ದ ಕೇದಗೆ ಗರಿ ಕೆಳಗಿಟ್ಟು, ಕೋಲು ಊರಿಕೊಂಡು ನೇರವಾಗಿ ಒಳಗೆ ಹೋದಳು. ಕೆಲೇಪಿ ಬೆಚ್ಚಿ ಯಂತ್ರದ ಬಾಯಿ ಮುಚ್ಚಿದ.

“ಏನೋ ಅದು?”

“ಏನಿಲ್ಲ ಅತ್ತೆ.”

“ನನಗೆ ಕಿವಿ ಚೆನ್ನಾಗಿದೆ.”

“ಅದು ಹೇಳೋ ಹಾಗಿಲ್ಲ ಅತ್ತೆ. ಗುಟ್ಟು.”

“ನನ್ನ ಹತ್ರಾನೂ?”

“ಯಾರ ಹತ್ರಾನೂ. ನೀತಿ ಸಮಿತಿಗೆ ಮಾತು ಕೊಟ್ಟಿದೀನಿ.”

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. ವಿಷಯ ಸಮಿತಿಯ ತನಕ ಹೋಗಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ನೀತಿ ಸಮಿತಿ ಅಂದ್ರೆ ನಮ್ಮ ಚರ್ಚಿನವರು ತಾನೆ?”

ಇಲ್ಲಿ ಕೆಲೇಪಿ ಒಂದೇ ಒಂದು ವಾಕ್ಯ ಬಿಡಿಸಿ ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ವಿಶ್ವವಿದ್ಯಾಲಯ, ಸುವಾ, ಸಂಶೋಧನೆಯ ನಿಯಮ ಎಲ್ಲವನ್ನೂ ಅತ್ತೆಗೆ ವಿವರಿಸುವುದಕ್ಕಿಂತ ಒಂದು ಅಕ್ಷರ ಸುಲಭ ಎನಿಸಿ ಅವನು, “ಹೂಂ,” ಎಂದ.

ಅತ್ತೆ ಸೊಂಟದ ಚಾಪೆ ಸರಿಮಾಡಿಕೊಂಡು ನೇರ ಪಾದ್ರಿಗಳ ಮನೆಗೆ ನಡೆದಳು. “ನಮ್ಮ ಕೆಲೇಪಿ, ಆ ತೆಲೇಸಿಯಾ ಇಬ್ಬರ ವಿಷಯ ನಿಮಗೆಲ್ಲ ಗೊತ್ತಂತೆ,” ಎಂದಳು.

ಪಾದ್ರಿಗಳಿಗೆ ಏನೂ ಗೊತ್ತಿರಲಿಲ್ಲ. ಆದರೆ ತನ್ನ ಸಭೆಯಲ್ಲಿ ನಡೆಯುವುದು ತನಗೇ ಗೊತ್ತಿಲ್ಲ ಎಂದು ಯಾವ ಪಾದ್ರಿ ತಾನೆ ಒಪ್ಪಿಯಾನು. “ಹೂಂ,” ಎಂದರು.

“ಬರೋ ಶನಿವಾರ ಆಗಬಹುದಲ್ಲ?”

“ಹೂಂ. ಶನಿವಾರ ಬಿಟ್ರೆ ಆಮೇಲೆ ಗಾಯನದ ಸ್ಪರ್ಧೆ ಬರುತ್ತೆ.”

ಅತ್ತೆ ಮನೆಗೆ ಬಂದು, “ಶನಿವಾರ ಅಂದ್ರು. ಆಗಬಹುದೇನೋ?” ಎಂದು ಕಿಟಕಿಯಿಂದಲೇ ಕೇಳಿದಳು. ಕೆಲೇಪಿ ಕಿವಿಗೆ ಯಂತ್ರದ ತಂತಿ ಸಿಕ್ಕಿಸಿಕೊಂಡಿದ್ದ. ಚಾಪೆ ಬಿಸಿಲಿಗೆ ಹಾಕುವ ಮಾತಿರಬೇಕು ಎಂದುಕೊಂಡು ತಲೆ ಎತ್ತದೆ ಹೂಂ ಎಂದ.

ಸಂಜೆಯೊಳಗೆ ಊರಿಗೆ ಸುದ್ದಿ ಮುಟ್ಟಿತು. ಅತ್ತೆಯ ದೊಡ್ಡ ಹಂದಿ, ಇಷ್ಟು ದಿನ ಹಿತ್ತಲಲ್ಲಿ ಮನಸ್ಸಿಗೆ ಬಂದ ಹಾಗೆ ಅಲೆಯುತ್ತಿದ್ದದ್ದು, ಗೂಟಕ್ಕೆ ಬಿತ್ತು. ಪೆಟ್ಟಿಗೆಯಿಂದ, ಮರದ ತೊಗಟೆ ಬಡಿದು ಶುಭಕಾರ್ಯಕ್ಕೆಂದು ಮಾಡಿದ ತೊಗಟೆ ಬಟ್ಟೆಯ ಸುರುಳಿಗಳು ಹೊರಬಂದವು. ಆಕ್ಲೆಂಡಿನಲ್ಲಿರುವ ಕೆಲೇಪಿಯ ತಮ್ಮ ಅತ್ತೆಗೆ ಫೋನು ಮಾಡಿ, ಇಷ್ಟು ಬೇಗ ಟಿಕೆಟ್ ಸಿಗುವುದಿಲ್ಲ, ಆದರೂ ಬರುತ್ತೇನೆ ಎಂದ. ಅತ್ತೆಗೆ ಅವನ ದನಿಯಿಂದಲೇ ಅವನು ಬರುವುದಿಲ್ಲವೆಂದು ತಿಳಿಯಿತು. ಅವಳು ಅದಕ್ಕೆ ಬೇಸರಪಡಲಿಲ್ಲ.

ಎರಡು ದಿನ ಬಿಟ್ಟು ತೆಲೇಸಿಯಾಳ ಅಣ್ಣ ಲಿಸಿಯಾತೆ ಪೊಲೀಸ್ ಸಮವಸ್ತ್ರದಲ್ಲಿ ಬಂದ. ನಾನು ಅಲ್ಲೇ ವ್ಯಾನಿನ ಚಕ್ರ ಬಿಚ್ಚುತ್ತಿದ್ದೆ. ತಂಗಿಯ ಮದುವೆಯ ಮಾತನ್ನು ನಮ್ಮಲ್ಲಿ ಅಣ್ಣನಾದವನು ಬಾಯಿಬಿಟ್ಟು ಆಡುವಂತಿಲ್ಲ. ಅವಳ ಹತ್ತಿರವಂತೂ ಆಡುವ ಪ್ರಶ್ನೆಯೇ ಇಲ್ಲ. ಆದರೆ ಏನೂ ಆಡದೆ ಇದ್ದರೆ ಅಣ್ಣನೂ ಅಲ್ಲ. ಅವನು ಗೇಟಿನ ಹಲಗೆಯನ್ನು ಬಹಳ ಹೊತ್ತು ಓದಿದ. ಅದರಲ್ಲಿ ಎರಡೇ ಪದಗಳಿದ್ದವು.

“ಮೇಷ್ಟ್ರೇ, ನಿಮ್ಮ ಬೇಲಿ ಗಟ್ಟಿಯಾಗಿದೆಯಾ?”

“ಗಟ್ಟಿಯಾಗಿದೆ.”

“ಮಧ್ಯದಲ್ಲಿ ಮುರಿದು ಬೀಳೋ ಬೇಲಿ ಕಂಡ್ರೆ ನನಗಾಗಲ್ಲ.”

“ನನಗೂ ಆಗಲ್ಲ,” ಎಂದ ಕೆಲೇಪಿ.

“ಪಕ್ಕದ ಮನೆಯವರು ಒಳ್ಳೆಯವರು ಅಂದುಕೊಳ್ಳಿ. ತುಂಬಾ ವರ್ಷದಿಂದ ಒಬ್ಬರೇ ತೋಟ ನೋಡಿಕೊಂಡು ಇದ್ದಾರೆ ಅಂದುಕೊಳ್ಳಿ. ಅಂಥಾ ಕಡೆ ಬೇಲಿ ಹಾಕೋನು ಎರಡು ಸಲ ಯೋಚನೆ ಮಾಡಬೇಕು.”

“ಸರಿಯಾದ ಮಾತು.”

“ಯೋಚನೆ ಮಾಡಿದೀರಾ?”

ಕೆಲೇಪಿಯ ಮುಖ ಅರಳಿತು. “ಲಿಸಿಯಾತೆ, ನೀವು ಈಗ ಏನೋ ಹೇಳಬೇಕು ಅಂತ ಬಂದು ಬೇರೆ ಏನೋ ಹೇಳ್ತಿದೀರಿ. ಹೌದಾ?”

ಲಿಸಿಯಾತೆ ಕೆಂಪಾಗಿ ತೆಂಗಿನ ಮರ ನೋಡಿದ.

“ಇದೇ ನನಗೆ ಬೇಕಾಗಿರೋದು. ಇಂಥ ಸುತ್ತುಬಳಸಿನ ಮಾತು ಇಷ್ಟು ಶುದ್ಧವಾಗಿ ಸಿಗೋದೇ ಇಲ್ಲ. ಸ್ವಲ್ಪ ನಿಲ್ಲಿ, ಯಂತ್ರ ತರ್ತೀನಿ.”

ಅವನು ಯಂತ್ರ ತರುವಷ್ಟರಲ್ಲಿ ಲಿಸಿಯಾತೆ ಗೇಟು ದಾಟಿ, ರಸ್ತೆ ದಾಟಿ, ತನ್ನ ಜೀಪಿನಲ್ಲಿ ಕೂತಾಗಿತ್ತು.

“ಯಾಕೆ ಹೋಗಿಬಿಟ್ಟ?” ಎಂದ ಕೆಲೇಪಿ.

ಇನ್ನು ತಡೆಯುವುದು ಪಾಪ ಎನಿಸಿ ನಾನು ಸ್ಪಾನರ್ ಕೆಳಗಿಟ್ಟೆ. “ಕೆಲೇಪಿ, ಶನಿವಾರ ನಿನ್ನ ಮದುವೆ.”

“ಯಾರ ಜೊತೆ?”

“ಅದೂ ನಾನೇ ಹೇಳಬೇಕಾ? ಹವಾಮಾನದ ಜೊತೆ.”

ಅವನು ಬಕೆಟ್ಟಿನ ಮೇಲೆ ಕೂತ. ಅದರಲ್ಲಿ ನೀರಿತ್ತು. ನಾನು ಇಡೀ ಸಂಗತಿ ಬಿಡಿಸಿ ಹೇಳುವ ತನಕ ಅವನಿಗೆ ಅದು ಗೊತ್ತಾಗಲಿಲ್ಲ.

“ಆದರೆ ಅದು ಸಂಶೋಧನೆ ಕಣೋ. ನಾನು ಕೇಳಿದ್ದಲ್ಲ, ನನ್ನ ಪಾತ್ರ ಕೇಳಿದ್ದು.”

“ಹೋಗಿ ಅತ್ತೆಗೆ ಹಾಗೇ ಹೇಳು.”

“ತೆಲೇಸಿಯಾ ಏನಂದ್ರು ಅಂತ ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ.”

“ಹಾಗಾದ್ರೆ ಮದುವೆ ಇಲ್ಲ ಅಂತ ಅಷ್ಟು ಹೇಳು.”

ಅವನು ಒದ್ದೆ ಬಟ್ಟೆಯಲ್ಲೇ ಒಳಗೆ ಹೋದ. ಒಳಗಿಂದ ಅತ್ತೆಯ ದನಿ ಸ್ವಲ್ಪ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಅವನ ಹೆಗಲ ಮೇಲೆ ಮದುಮಗನ ಹೊಸ ಚಾಪೆ ಇತ್ತು.

“ಏನಂದೆ?”

“ಹೂಂ ಅಂದೆ.”

ಅದಾದ ಮೇಲೆ ಅವನು ಪಾದ್ರಿಗಳ ಹತ್ತಿರ ಹೋದ. ಚರ್ಚಿನ ಗಾಯನವೃಂದದ ಅಧ್ಯಕ್ಷರ ಹತ್ತಿರ ಹೋದ. ಪ್ರತಿಯೊಂದು ಮನೆಯಿಂದಲೂ ಏನಾದರೊಂದನ್ನು ಒಪ್ಪಿಕೊಂಡು ಬಂದ. ಗುರುವಾರದ ಹೊತ್ತಿಗೆ ಅವನು ಎರಡು ಪ್ರಾರ್ಥನಾಗೀತೆ, ಒಂದು ಭಾಷಣ ಮತ್ತು ಬೇರೆಯವರ ಒಂದು ಕೋಟು ಒಪ್ಪಿಕೊಂಡಿದ್ದ. ಕಾವಾ ಬೇರಿನ ಪಾನೀಯ ಕುಡಿಯಲು ಊರ ಗಂಡಸರು ಸೇರುವ ಮನೆಯಲ್ಲಿ, ಮದುಮಗನೆಂದು ಅವನಿಗೆ ಮೊದಲ ಚಿಪ್ಪು ಕೊಟ್ಟರು. ಬೇಡ ಎನ್ನಲಾಗದೆ ಅದನ್ನೂ ಕುಡಿದ. ನಿರಾಕರಣೆಯ ಬಗ್ಗೆ ಇಡೀ ಶಾಂತಸಾಗರದಲ್ಲಿ ಅವನಷ್ಟು ತಿಳಿದವನು ಇನ್ನೊಬ್ಬನಿರಲಿಲ್ಲ ಎಂಬುದನ್ನು ಇಲ್ಲಿ ನಾನು ನೆನಪಿಸಬೇಕು.

ಶುಕ್ರವಾರ ಬೆಳಿಗ್ಗೆ ನಾವು ಪೇಟೆಯ ಕೇಂದ್ರಕ್ಕೆ ಓಡಿದೆವು. ಡಾಕ್ಟರ್ ಅಕಾನಿಸಿ ಪರದೆಯ ಮೇಲೆ ಚಹಾ ಹಿಡಿದುಕೊಂಡು ಎಲ್ಲವನ್ನೂ ಕೇಳಿದರು. ಅರ್ಧದಲ್ಲಿ ಒಮ್ಮೆ ಪರದೆಯಿಂದ ಮರೆಯಾದರು. ಆ ಕಡೆಯಿಂದ ಕೆಮ್ಮಿನ ಸದ್ದು ಬಂತು. ಮತ್ತೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು.

“ಸರಿ. ಆಕೆ ಏನಂತಾರೆ?”

“ಯಾರು ಮೇಡಂ?”

“ಮದುಮಗಳು.”

ಕೆಲೇಪಿ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಇಷ್ಟು ದಿನದಲ್ಲಿ ಅತ್ತೆ ಪಾದ್ರಿಗಳನ್ನು ಕೇಳಿದ್ದಳು, ಪಾದ್ರಿಗಳು ಗಾಯನವೃಂದವನ್ನು ಕೇಳಿದ್ದರು, ಊರೆಲ್ಲ ಕೆಲೇಪಿಯನ್ನು ಕೇಳಿತ್ತು. ತೆಲೇಸಿಯಾಳನ್ನು ಯಾರೂ ಕೇಳಿರಲಿಲ್ಲ.

“ಆಕೆಯ ಆ ಹೂಂ ಯಾವ ಬಗೆಯದು ಅಂತ ಗೊತ್ತಾಯ್ತಾ?”

“ಎಲ್ಲಿ ಮೇಡಂ. ಅದೇ ನನಗೂ ನಿದ್ದೆ ಕೆಡಿಸಿದೆ.”

“ಗೊತ್ತಿಲ್ಲದ್ದನ್ನ ಸಂಶೋಧಕ ಏನು ಮಾಡ್ತಾನೆ ಕೆಲೇಪಿ? ಹೋಗಿ ಕೇಳ್ತಾನೆ. ಎರಡನೇ ಸಂದರ್ಶನ ಅಂತ ಬರಕೊಳ್ಳಿ. ಮೊದಲು ಕ್ಷಮೆ ಕೇಳಿ.”

ನಾವು ಬಂದಾಗ ತೆಲೇಸಿಯಾ ಜಗಲಿಯಲ್ಲಿ ತಲೆಗೂದಲು ಒಣಗಿಸಿಕೊಳ್ಳುತ್ತಾ ಕೂತಿದ್ದಳು. ನಮ್ಮನ್ನು ನೋಡಿ ಏಳಲಿಲ್ಲ.

“ಬನ್ನಿ ಮೇಷ್ಟ್ರೇ. ನಾಳೆ ನನ್ನ ಮದುವೆಯಂತೆ. ನಿಮಗೇನಾದ್ರೂ ಗೊತ್ತಾ?”

ಕೆಲೇಪಿ ಮೆಟ್ಟಿಲ ಮೇಲೇ ಕೂತುಬಿಟ್ಟ. ಈ ಸಲ ನಾನೂ ಜಗಲಿಯ ಅಂಚಿನಲ್ಲೇ ಉಳಿದೆ.

“ರೇಡಿಯೋದಲ್ಲಿ ಶನಿವಾರ ನನಗೆ ರಜೆ ಕೊಟ್ಟಿದಾರೆ. ನಾನು ಕೇಳಿರಲಿಲ್ಲ. ಯಾರೋ ಫೋನು ಮಾಡಿ ಮದುವೆ ದಿನ ಮಳೆ ಬರುತ್ತಾ ಅಂದ್ರು. ಯಾರ ಮದುವೆ ಅಂದೆ. ನಿಮ್ಮದೇ ಅಂದ್ರು. ನನ್ನ ಅಣ್ಣ ನನ್ನನ್ನ ಕಂಡ್ರೆ ಬೇರೆ ರಸ್ತೆ ಹಿಡೀತಾನೆ. ಇದೆಲ್ಲ ನೀವು ಹೇಳಿಕೊಂಡು ತಿರುಗಿದ್ದಾ?”

“ನಾನು ಯಾರಿಗೂ ಏನೂ ಹೇಳಿಲ್ಲ. ಅದರಿಂದಲೇ ಇಷ್ಟೆಲ್ಲ ಆಯ್ತು.” ಅವನು ಕಿಟಕಿ, ಚಪ್ಪರ, ಅತ್ತೆ, ಸಮಿತಿ ಎಲ್ಲವನ್ನೂ ತಡವರಿಸುತ್ತಾ ಹೇಳಿದ. “ತಪ್ಪಾಯ್ತು ತೆಲೇಸಿಯಾ. ನಿಮ್ಮ ದನಿ ನಾನು ಹಾಗೆ ಬೀದಿಗೆ ಬಿಡಬಾರದಾಗಿತ್ತು.”

ಅವಳು ಕೂದಲು ಕಟ್ಟಿಕೊಂಡಳು. ಮುಖ ಸ್ವಲ್ಪ ಮೆತ್ತಗಾಯಿತು.

“ಅಷ್ಟೊಂದು ಸಲ ಯಾಕೆ ಕೇಳಿದ್ರಿ ಅದನ್ನ?”

“ಅರ್ಥ ಆಗ್ಲಿಲ್ಲ. ನೆರೆಮನೆಯವನಾಗಿ ನಾನು ಪಾತ್ರೆ ಕೇಳಿದಾಗ ನೀವು ಅಂದ ಹೂಂ ಅರ್ಥ ಆಯ್ತು. ದೋಣಿ ಕೇಳಿದಾಗ ಅಂದದ್ದೂ ಅರ್ಥ ಆಯ್ತು. ಅದೊಂದು ಮಾತ್ರ...” ಅವನ ಕೈ ತನ್ನಷ್ಟಕ್ಕೆ ಯಂತ್ರವನ್ನು ಹೊರತೆಗೆದು ರೆಕಾರ್ಡ್ ಗುಂಡಿ ಒತ್ತಿತ್ತು. “ನಿಮಗೆ ಇಷ್ಟವಿಲ್ಲದ ಗಂಡಸೊಬ್ಬ ಬಂದು ಕೇಳ್ತಾನೆ ಅಂತ ನಾನು ವಿವರಿಸಿದ್ದೆ. ಆದರೂ ಆ ಹೂಂನಲ್ಲಿ ಇಷ್ಟವಿಲ್ಲದ್ದು ಎಲ್ಲಿದೆ ಅಂತ ಎಷ್ಟು ಹುಡುಕಿದ್ರೂ ಸಿಗ್ತಿಲ್ಲ.”

“ಆ ವಿವರಣೆ ನೀವು ಕಾಗದ ನೋಡಿಕೊಂಡು ಓದಿದ್ರಿ. ಆಮೇಲೆ ಕಾಗದ ಕೆಳಗಿಟ್ಟು, ಕನ್ನಡಕ ತೆಗೆದು, ನನ್ನ ಮುಖ ನೋಡಿ ಕೇಳಿದ್ರಿ. ಕನ್ನಡಕ ಯಾಕೆ ತೆಗೆದ್ರಿ?”

“ಬೆವರು ಬಂದಿತ್ತು.”

“ಪಾತ್ರೆ ಕೇಳುವಾಗ ಬಂದಿರಲಿಲ್ಲ.”

ಕೆಲೇಪಿ ಬಾಯಿ ತೆರೆದ. ಅದರಿಂದ ಏನು ಬರುತ್ತಿತ್ತೋ ಗೊತ್ತಾಗಲಿಲ್ಲ. ಅದೇ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ನಾಲ್ಕೂ ಸ್ವರಗಳಲ್ಲಿ ಗಾಯನವೃಂದ ಕೇಳಿಸಿತು.

ಮದುವೆಯ ಮುನ್ನಾದಿನ ಮದುಮಗಳ ಮನೆಗೆ ಬರುವ ಮೆರವಣಿಗೆ ಅದು; ಮುಂದೆ ಲೋಸೆ ಅತ್ತೆ, ಪಕ್ಕದಲ್ಲಿ ಪಾದ್ರಿಗಳು. ಹಿಂದೆ ಹೆಂಗಸರು ತೊಗಟೆ ಬಟ್ಟೆಯನ್ನು ರಸ್ತೆಯಗಲ ಬಿಚ್ಚಿ ಹಿಡಿದಿದ್ದರು. ಅವರ ಹಿಂದೆ ನೆಲದ ಒಲೆಯಲ್ಲಿ ಬೆಂದ ದೊಡ್ಡ ಹಂದಿ ನಾಲ್ವರ ಹೆಗಲ ಮೇಲೆ. ಎಲ್ಲರಿಗಿಂತ ಹಿಂದೆ ಲಿಸಿಯಾತೆ, ಯಾವುದೋ ಸಂಚಾರ ನಿಯಂತ್ರಣಕ್ಕೆ ಬಂದವನ ಹಾಗೆ ಬೇರೆ ದಿಕ್ಕು ನೋಡುತ್ತಿದ್ದ. ಅತ್ತೆ ಅಂಗಳದ ನಡುವೆ ನಿಂತು ಕೋಲು ಎತ್ತಿದಳು. ಹಾಡು ನಿಂತಿತು.

“ತೆಲೇಸಿಯಾ, ನಾಳೆಗೆ ಎಲ್ಲ ಸಿದ್ಧ ಅಲ್ವಾ ಮಗಳೇ?”

ತೆಲೇಸಿಯಾ ಎದ್ದು ನಿಂತಳು.

“ಇಲ್ಲ.”

ಅತ್ತೆ ಕೈಯನ್ನು ಕಿವಿಗೆ ಹಿಡಿದು, ಕಿವಿಯದೇ ತಪ್ಪಿರಬೇಕೆಂಬಂತೆ ಇನ್ನಷ್ಟು ಗಟ್ಟಿಯಾಗಿ ಕೇಳಿದಳು. “ಸಿದ್ಧ ಅಲ್ವಾ?”

“ಇಲ್ಲ ಅತ್ತೆ. ನಾಳೆ ನನ್ನ ಮದುವೆ ಇಲ್ಲ. ನನ್ನನ್ನ ಯಾರೂ ಕೇಳಿಲ್ಲ.”

ಹವಾಮಾನ ಓದುವ ದನಿಯಲ್ಲೇ ಅಂದಳು, ಏರಿಳಿತವಿಲ್ಲದೆ. ಹಂದಿ ಹೊತ್ತವರು ಅದನ್ನು ಮೆಲ್ಲಗೆ ನೆಲಕ್ಕಿಳಿಸಿದರು. ತೊಗಟೆ ಬಟ್ಟೆ ಒಂದು ಕಡೆಯಿಂದ ಜೋಲಿತು. ಗಾಯನವೃಂದದ ಹಿಂದಿನ ಸಾಲಿಗೆ ಏನೂ ಕೇಳಿಸದೆ, ಮೌನವನ್ನು ಹಾಡಲು ಸೂಚನೆಯೆಂದು ತಿಳಿದುಕೊಂಡ ಇಬ್ಬರು ಮದುವೆಯ ಗೀತೆ ಎತ್ತಿಕೊಂಡು, ಅರ್ಧ ಸಾಲಿಗೆ ಅಳುಕಿ ನಿಲ್ಲಿಸಿದರು.

ಅತ್ತೆ ಪಾದ್ರಿಗಳ ಕಡೆ ತಿರುಗಿದಳು. “ನಿಮಗೆ ಎಲ್ಲ ಗೊತ್ತು ಅಂದ್ರಲ್ಲ?”

“ನಾನು ಹೂಂ ಅಂದೆ ಅಷ್ಟೆ,” ಎಂದರು ಪಾದ್ರಿಗಳು. “ನಿಮಗೆ ಗೊತ್ತಿದೆ ಅಂದುಕೊಂಡೆ.”

“ನನಗೆ ಕೆಲೇಪಿ ಹೂಂ ಅಂದ.”

ಎಲ್ಲರೂ ಕೆಲೇಪಿಯ ಕಡೆ ನೋಡಿದರು. ಕೆಲೇಪಿ ಅವರಲ್ಲಿ ಯಾರ ಕಡೆಗೂ ನೋಡುತ್ತಿರಲಿಲ್ಲ. ಅವನು ಎರಡು ಕೈಯಲ್ಲೂ ಯಂತ್ರ ಹಿಡಿದು, ಅದರ ಕೆಂಪು ದೀಪ ಉರಿಯುತ್ತಿದೆಯೇ ಎಂದು ಪರೀಕ್ಷಿಸಿ, ತೆಲೇಸಿಯಾಳನ್ನು ಬೆರಗಿನಿಂದ ನೋಡುತ್ತಿದ್ದ.

“ಇದುವರೆಗೂ ಒಂದೂ ‘ಇಲ್ಲ’ ಸಿಕ್ಕಿರಲಿಲ್ಲ,” ಎಂದ. “ದಯವಿಟ್ಟು ಇನ್ನೊಂದು ಸಲ ಹೇಳ್ತೀರಾ? ಗಾಯನದೋರು ಅಡ್ಡ ಬಂದ್ರು.”

ಮೊದಲು ನಕ್ಕದ್ದು ಲಿಸಿಯಾತೆ. ನಗಬಾರದ ಕಡೆ ನಕ್ಕೆನೆಂದು ಟೋಪಿಯನ್ನು ಮುಖಕ್ಕೆ ಹಿಡಿದುಕೊಂಡ, ಟೋಪಿಯೂ ನಡುಗಿತು. ಆಮೇಲೆ ಹೆಂಗಸರು. ಆಮೇಲೆ ಪಾದ್ರಿಗಳು, ತಮ್ಮ ದೊಡ್ಡ ಗಂಟಲಿನಿಂದ. ಲೋಸೆ ಅತ್ತೆ ಮಾತ್ರ ನಗಲಿಲ್ಲ. ಅವಳು ಅಂಗಳದ ನಡುವೆ ಚಾಪೆ ಹಾಸಿಸಿಕೊಂಡು ಕೂತು, ತೆಲೇಸಿಯಾಳನ್ನು ಹತ್ತಿರ ಕರೆದು, ಕೆನ್ನೆ ಹಿಡಿದು ದಿಟ್ಟಿಸಿ ನೋಡಿದಳು.

“ನನ್ನ ಮುಖಕ್ಕೆ ಯಾರೂ ಹಾಗೆ ಹೇಳಿರಲಿಲ್ಲ ಕಣೆ.”

“ಬೇಜಾರಾಯ್ತಾ ಅತ್ತೆ?”

ಅತ್ತೆ ಕೆನ್ನೆ ಬಿಟ್ಟು ನೆಲದ ಮೇಲಿನ ಹಂದಿಯ ಕಡೆ ನೋಡಿದಳು. “ಮೈ ಹಗುರ ಆಯ್ತು. ನಾಳೆ ಬೆಳಿಗ್ಗೆ ಇಷ್ಟು ಜನಕ್ಕೆ ಗೆಣಸು ಎಲ್ಲಿಂದ ತರೋದು ಅಂತ ನನಗೂ ಗೊತ್ತಿರಲಿಲ್ಲ.”

‘ಇಲ್ಲ’ ಎಂದ ಮೇಲೆ ಮುಂದೇನು ಮಾಡಬೇಕು ಎಂಬ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದರೆ ಬೆಂದ ಹಂದಿಯನ್ನು ಏನು ಮಾಡಬೇಕೆಂಬ ಪದ್ಧತಿ ಇತ್ತು. ತೆಲೇಸಿಯಾ ಒಳಗಿಂದ ಬಾಳೆಲೆ ತಂದಳು. ಯಾರೋ ಕೆಸುವಿನೆಲೆಯ ಪೊಟ್ಟಣಗಳನ್ನು ಬಿಚ್ಚಿದರು, ತೆಂಗಿನಹಾಲಿನ ವಾಸನೆ ಅಂಗಳ ತುಂಬಿತು. ಮದುವೆಯಿಲ್ಲದ ಮದುವೆಯ ಊಟವನ್ನು ನಾವೆಲ್ಲ ಬೆವರು ಬರುವ ತನಕ ಉಂಡೆವು. ಪಾದ್ರಿಗಳು ಮೂರು ಸಲ ಹಾಕಿಸಿಕೊಂಡು, ಸಂದರ್ಶನಕ್ಕೆ ಸೋಮವಾರ ಖಂಡಿತ ಬರುತ್ತೇನೆ ಎಂದು ಕೆಲೇಪಿಗೆ ತಾವಾಗಿ ಹೇಳಿದರು.

ಬಿಸಿಲು ಇಳಿಯುವಾಗ ಜನ ಚದುರಿದರು. ಕೆಲೇಪಿ ವ್ಯಾನು ಹತ್ತುವ ಮುಂಚೆ ತೆಲೇಸಿಯಾ ಗೇಟಿನ ತನಕ ಬಂದಳು. ಅತ್ತೆಗೆಂದು ಬಾಳೆಲೆಯಲ್ಲಿ ಕಟ್ಟಿದ ಮಾಂಸ ಅವನ ಕೈಗಿಟ್ಟಳು.

“ನಾನು ಬೇಡ ಅಂದದ್ದು ಶನಿವಾರಕ್ಕೆ,” ಎಂದಳು. “ನಿನಗಲ್ಲ.”

ಇಷ್ಟು ಹೇಳಿ ಒಳಗೆ ಹೋದಳು. ಕೆಲೇಪಿ, “ಆಗಲಿ, ಬರ್ತೀನಿ,” ಎಂದು ಖಾಲಿ ಗೇಟಿಗೆ ಹೇಳಿ ವ್ಯಾನಿನಲ್ಲಿ ಕೂತ.

ನಾನು ಗಾಡಿ ಬಿಟ್ಟೆ. ಚರ್ಚು ಬಂತು, ಹೋಯಿತು. ನೀರಿನ ತೊಟ್ಟಿ ಬಂತು, ಹೋಯಿತು. ಅವನು ಮಾಂಸದ ಪೊಟ್ಟಣವನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಮುಂದಿನ ಗಾಜು ನೋಡುತ್ತಿದ್ದ.

“ಶನಿವಾರಕ್ಕೆ ಅಂದ್ರೆ ಏನೋ?” ಎಂದ.

ನಾನು ರಸ್ತೆಯ ಹೊಂಡವೊಂದನ್ನು ತಪ್ಪಿಸಿದೆ.

“ಶನಿವಾರಕ್ಕೆ ಬೇಡ ಅಂದ್ರೆ, ಬೇರೆ ದಿನ...”

ನಾನು ಗೇರು ಬದಲಾಯಿಸಿದೆ. ಎದುರಿನಿಂದ ಒಂದು ಕೋಳಿ ರಸ್ತೆ ದಾಟಿತು. ಅದು ದಾಟಿ ಮುಗಿಸುವ ತನಕ ಕೆಲೇಪಿ ಅದನ್ನೇ ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ನೆಟ್ಟಗೆ ಕೂತ.

“ಗಾಡಿ ತಿರುಗಿಸು,” ಎಂದ.

ನಾನು ಆಗಲೇ ತಿರುಗಿಸಲು ಜಾಗ ನೋಡುತ್ತಿದ್ದೆ.